ಕರಿ ಐದರ ಕಾಶೀಬಾಯಿ

ಕಾಶೀಬಾಯಿ ಬೈಯುತ್ತಿದ್ದರೆ ಕಂಪನಿಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಅಡುಗೆಯವನಿಂದ ಮಾಲೀಕನವರೆಗೆ ಎಲ್ಲರೂ ಆ ಬೈಗಳನ್ನು ತಿಂದವರೇ, ತಿಂದು ಜೀರ್ಣಿಸಿಕೊಂಡವರೇ. ಅವಳು ಬಾಯಿ ಮುಚ್ಚಿದಾಗ ಮಾತ್ರ ಒಬ್ಬೊಬ್ಬರೂ ತಮ್ಮ ತಮ್ಮ ತಪ್ಪು ನೆನೆಸಿಕೊಳ್ಳುತ್ತ ಮೂಲೆ ಹಿಡಿಯುತ್ತಿದ್ದರು. ಆ ಶುಕ್ರವಾರ ಮುಂಜಾನೆ ಬೆಳಗಾವಿಯ ಶಿವಬಸವ ನಗರದಲ್ಲಿ, ಅಜಿತಕುಮಾರನ ಮನೆಯ ಜಮಖಾನೆಯ ಮೇಲೆ ಕುಳಿತು, ಅವಳು ಬಾಯಿ ಮುಚ್ಚಿದಳು.

ಅದಕ್ಕೆ ಮೊದಲು ಎಲ್ಲವೂ ಸುಸೂತ್ರವಾಗಿತ್ತು. ಅಜಿತಕುಮಾರ ಅರಿವೆ ಅಂಗಡಿಯ ಜೈನ ವ್ಯಾಪಾರಿ. ಅಂಗಡಿಯಲ್ಲಿ ಗಜಕ್ಕೆ ಒಂದು ಬೊಟ್ಟು ಹೆಚ್ಚು ಕೊಡದವನು, ಕಾಶೀಬಾಯಿಯ ಹಾಡೆಂದರೆ ಬಟ್ಟೆಯ ಇಡೀ ಥಾನನ್ನೇ ಬಿಚ್ಚಿ ಹಾಸುವಂಥವನು. ಊರಿನವರನ್ನೆಲ್ಲ ಕೂಡಿಸಿ ಆಕೆಗೊಂದು ಸತ್ಕಾರ ಇಟ್ಟುಕೊಂಡವನೂ ಅವನೇ. ಭಾನುವಾರ ಸಂಜೆ ಸಮಾರಂಭ. ಅದಕ್ಕಾಗಿ ಆಕೆಯನ್ನು ಮುಂಚಿತವಾಗಿ ಕರೆಸಿಕೊಂಡು ತನ್ನ ಮನೆಯಲ್ಲೇ ಇಳಿಸಿಕೊಂಡಿದ್ದ. ಅವನ ತಾಯಿ ಶಾಂತಾಬಾಯಿ, ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚದವಳು, "ನಾಟಕದವರು ಉಣ್ಣೂದ ಬೆಳಗಾಗು ಮುಂದ ಅಂತಾರ. ನಮ್ಮ ಮನ್ಯಾಗ ಬಿಸಲ ಇದ್ದಾಗ ಉಣಬೇಕ ನೋಡವಾ" ಎಂದು ಮೊದಲ ದಿನವೇ ಕರಾರು ಹಾಕಿದ್ದಳು.

ಖಾನಾಪುರದ ಕಾಶವ್ವ ಕಾಶೀಬಾಯಿಯಾಗಿ ಆಗ ಮೂವತ್ತು ವರ್ಷಕ್ಕೂ ಮಿಕ್ಕಿತ್ತು. ಜಾಂಬೋಟಿಯ ಕಡೆಯ ಗದ್ದೆಗಳಲ್ಲಿ, ಎದುರಿಗಿದ್ದವರ ಮುಖ ಕಾಣದಂಥ ಮಳೆಯಲ್ಲಿ ಸಸಿ ನೆಡುವಾಗ, ಈ ಬದುವಿನಲ್ಲಿ ಹುಡುಗಿ ಎತ್ತಿದ ಪದ ಆ ಬದುವಿನವರಿಗೆ ಕೇಳುತ್ತಿತ್ತಂತೆ. ಖಾನಾಪುರದಲ್ಲಿ ಡೇರೆ ಹೊಡೆದ ನಾಟಕ ಕಂಪನಿಯವರು ಅದನ್ನು ಕೇಳಿದರು, ಕರೆದರು, ಅವಳು ಹೋದಳು. ಬಣ್ಣ ಹಚ್ಚಿದಾಕೆ ಎಂದು ಬಳಗದವರು ಬಾಗಿಲು ಹಾಕಿಕೊಂಡರು. ಅದೇ ಬಳಗದವರು ಮುಂದೆ ಮುಂದಿನ ಸಾಲಿನ ಕುರ್ಚಿಗಾಗಿ ಚೀಟಿ ಕಳಿಸತೊಡಗಿದರು. ಮೈಕು ಇಲ್ಲದ ಕಾಲದಲ್ಲಿ ಡೇರೆಯ ಹೊರಗೆ ಕಡಲೆ ಮಾರುವವನಿಗೂ ಅವಳ ಹಾಡು ಅಕ್ಷರ ಅಕ್ಷರವಾಗಿ ಮುಟ್ಟುತ್ತಿತ್ತು. ಕನ್ನಡದವರು ಬಂದರೆ ಕನ್ನಡ ಪದ, ಮರಾಠಿಯವರು ಕೇಳಿದರೆ ಮರಾಠಿ ಪದ. ಗಡಿಯ ಜಗಳ ಏನಿದ್ದರೂ ಡೇರೆಯ ಹೊರಗೆ.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ಹೆಸರಿಗೆ ಅಂಟಿಕೊಂಡದ್ದು 'ಕರಿ ಐದು'. ಹಾರ್ಮೋನಿಯಂ ಪೇಟಿಯಲ್ಲಿ ಬೆರಳೊತ್ತುವ ಕರಿ ಮನೆಗಳಲ್ಲಿ ಐದನೆಯದನ್ನು ಷಡ್ಜ, ಅಂದರೆ ಆಧಾರಸ್ವರ, ಮಾಡಿಕೊಂಡು ಹಾಡುವುದು ಹದಿನೆಂಟರ ಹುಡುಗಿಯರಿಗೂ ಎತ್ತರವೇ. ಕಾಶೀಬಾಯಿ ಅಲ್ಲಿ ನಿಂತು ಹಾಡುತ್ತಿದ್ದಳು, ಅಲ್ಲಿಂದ ಮೇಲೆ ಹೋಗಿ ಆಡಿಕೊಂಡು ಬರುತ್ತಿದ್ದಳು. 'ರಾಣಿ ಚಂದ್ರಪ್ರಭೆ' ನಾಟಕದ 'ಕೋಟೆ ಏರಿತೋ ತಿಂಗಳು' ಎಂಬ ಪದದಲ್ಲಿ 'ಏರಿತೋ' ಎಂದು ಮೇಲಕ್ಕೆ ಹೋಗಿ ನಿಂತಳೆಂದರೆ ಡೇರೆಯ ತುಂಬ 'ಒನ್ಸ್ ಮೋರ್' ಏಳುತ್ತಿತ್ತು. ಕೇಳಿದರೆ ಮತ್ತೆ ಹಾಡಲೇಬೇಕು, ಅದು ಕಂಪನಿಯ ರಿವಾಜು. ಎದುರಿಗೆ ಯುವರಾಜ ಸಾಯುತ್ತ ಬಿದ್ದಿದ್ದರೂ ಅವನು ಕಾಯಬೇಕು. ಹೀಗಾಗಿ ಜಾಹೀರಾತಿನಲ್ಲಿ ನಾಟಕದ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಕರಿ ಐದರ ಕಾಶೀಬಾಯಿ' ಎಂದು ಬರೆಯುತ್ತಿದ್ದರು. ಈ ಸತ್ಕಾರ ನಡೆದ ಎಂಬತ್ನಾಲ್ಕನೇ ಇಸವಿಯಲ್ಲಿ, ವಯಸ್ಸು ಐವತ್ತು ದಾಟಿದ ಮೇಲೂ, ಹಾಗೇ ಬರೆಯುತ್ತಿದ್ದರು. ಆ ಹೆಸರೇ ಅವಳ ಆಸ್ತಿ. ಬೇರೆ ಮನೆಯಿಲ್ಲ, ಹೊಲವಿಲ್ಲ, ಗಂಡ ಮಕ್ಕಳಿಲ್ಲ.

"ಮಾಸ್ತರು ಬರೂದು ಐತವಾರ, ಸಮಾರಂಭದ ದಿನ," ಎಂದ ಅಜಿತಕುಮಾರ ಆ ಮುಂಜಾನೆ, ತನ್ನ ಪೇಟಿಯ ಮೇಲಿನ ಬಟ್ಟೆ ಸರಿಸುತ್ತ. "ಅಲ್ಲೀತನಕ ಈ ಬಡವನ ಪೇಟಿಗೆ ಒಮ್ಮೆ ಹಾಡ್ರಿ ಬಾಯಾರ. ನನ್ನ ಜನ್ಮ ಸಾರ್ಥಕ ಆಗ್ತೈತಿ."

"ಮಾಸ್ತರಿಗೆ ಗೊತ್ತಾದರ ನನ್ನ ಜನ್ಮ ಮುಗೀತೈತಿ. ಇನ್ನೊಬ್ಬರ ಪೇಟಿಗೆ ಹಾಡಬ್ಯಾಡ್ರಿ ಅಂತ ಆಣಿ ಹಾಕ್ಯಾರ."

"ಹೇಳೂದ ಬ್ಯಾಡ್ರಿ."

ಅವಳು ನಕ್ಕಳು. ಕಂಪನಿಯ ಪೇಟಿ ಮಾಸ್ತರ ಉಳವಪ್ಪನ ಈ ಹಟ ಅವಳಿಗೆ ಹೆಮ್ಮೆಯ ವಿಷಯವಾಗಿತ್ತು. ರೇಡಿಯೋದವರು ಕರೆದಾಗ ಅವನು ಬೇಡವೆಂದಿದ್ದ. ಹುಬ್ಬಳ್ಳಿಯ ಇನ್ನೊಂದು ಕಂಪನಿ ಒಂದು ಆಟಕ್ಕೆ ಕರೆದಾಗಲೂ ಬೇಡವೆಂದಿದ್ದ. ನನ್ನ ಬೆರಳಿಲ್ಲದೆ ನಿಮ್ಮ ದನಿ ಇನ್ನೊಬ್ಬರ ಕೈಗೆ ಕೊಡಲಾರೆ ಎಂದಿದ್ದ. ಇಂಥ ಮಾತು ಗಂಡನಿದ್ದವರಿಗೂ ಕೇಳಲು ಸಿಗುವುದಿಲ್ಲ.

ಅಜಿತಕುಮಾರ ಕರಿ ಐದು ಒತ್ತಿದ. ಕಾಶೀಬಾಯಿ ಎತ್ತಿಕೊಂಡಳು. ಮೊದಲ ಸಾಲಿಗೇ ಏನೋ ಬಿಗಿಯಾಯಿತು. ಒಗೆದು ಕುಗ್ಗಿದ ಕುಪ್ಪಸ ತೊಟ್ಟಂತೆ. ಮುಂಜಾನೆಯ ಗಂಟಲು, ಕಾಯಲಿ ಎಂದುಕೊಂಡಳು. ಎರಡನೇ ಸಾಲಿಗೆ ಕೊರಳ ನರ ಉಬ್ಬಿತು. 'ಏರಿತೋ' ಎಂದು ಮೇಲಕ್ಕೆ ಹೋದಾಗ ದನಿ ಕೈ ತಪ್ಪಿದ ಗಡಿಗೆಯಂತೆ ಒಡೆಯಿತು. ಒಳಗೆ ಅಕ್ಕಿ ಆರಿಸುತ್ತಿದ್ದ ಶಾಂತಾಬಾಯಿ ಬಾಗಿಲಿಗೆ ಬಂದು ನೋಡಿದಳು.

"ನಿಮ್ಮ ಪೇಟಿ ಏರೈತಿ," ಎಂದಳು ಕಾಶೀಬಾಯಿ.

"ಇಲ್ಲರಿ, ಹಂಗ ಆಗಾಕ ಶಕ್ಯ ಇಲ್ಲ. ನಿಮ್ಮದ ರೆಕಾರ್ಡ ಹಚ್ಚಿ ಸೂರ ಕೂಡಿಸಿ ತಗೊಂಡೀನಿ. ನೋಡ್ರಿ ಬೇಕಾರ." ಬಾಯಿ ಬಿಟ್ಟ ಮೇಲೆ ತಡೆಯಲಾರದ ಮನುಷ್ಯ. ಎದ್ದು ಹೋಗಿ ಮೂವತ್ತು ವರ್ಷದ ಹಿಂದಿನ ಆ ಕರಿ ತಟ್ಟೆ ಹಚ್ಚಿ ಮುಳ್ಳು ಇಟ್ಟ. ಸರಬರ ಸದ್ದಿನ ನಡುವಿನಿಂದ ಹುಡುಗಿಯೊಬ್ಬಳ ದನಿ ಎದ್ದಿತು. ಅವನು ಪೇಟಿಯ ಕರಿ ಐದು ಒತ್ತಿ ಹಿಡಿದ. ದನಿಯೂ ಪೇಟಿಯೂ ಹಾಲಿಗೆ ಹಾಲು ಬೆರೆತಂತೆ ಕೂಡಿಕೊಂಡವು. ಹುಡುಗಿ 'ಏರಿತೋ' ಎಂದಳು. ಏರಿ, ಅಲ್ಲಿ ನಿಂತು, ಕೆಳಗಿನವರನ್ನು ನೋಡಿ ನಕ್ಕಳು.

ಕಾಶೀಬಾಯಿ ತನ್ನ ರೆಕಾರ್ಡನ್ನು ಎಂದೂ ಕೇಳುತ್ತಿರಲಿಲ್ಲ. ತನ್ನ ದನಿಗೆ ತಾನೇ ಮರುಳಾದವರು ಕೆಡುತ್ತಾರೆ ಎಂದು ಹಿಂದೆ ಹಾಡು ಕಲಿಸಿದ ಗುರು ಹೇಳಿದ್ದ.

ಅಜಿತಕುಮಾರನಿಗೆ ಅಷ್ಟು ಹೊತ್ತಿಗೆ ಏನೋ ತಿಳಿದಿರಬೇಕು. ಮುಳ್ಳು ಎತ್ತಿ, ಕಿಡಕಿಯ ಕಡೆ ಮುಖ ಮಾಡಿ ನಿಂತ. ಕಾಶೀಬಾಯಿ ಪೇಟಿಯನ್ನು ತನ್ನ ಕಡೆ ಎಳೆದುಕೊಂಡಳು. ಕರಿ ಐದರಿಂದ ಕೆಳಗೆ ಒಂದೊಂದೇ ಮನೆ ಒತ್ತುತ್ತ ಬಂದಳು. ಬಿಳಿ ಆರು. ಅಲ್ಲ. ಕರಿ ನಾಲ್ಕು. ಅಲ್ಲ. ಬಿಳಿ ಐದಕ್ಕೆ ಬಂದಾಗ ಕೊರಳು ತನ್ನ ಮನೆಯ ಹೊಸ್ತಿಲು ಗುರುತು ಹಿಡಿಯಿತು. ದಿನಾಲು ಉಳವಪ್ಪನ ಪೇಟಿಯಲ್ಲಿ ಕರಿ ಐದು ಎಂದು ಅವಳು ಹಾಡುತ್ತಿದ್ದುದು ಈ ಸ್ವರ.

ಆಗ ಅವಳು ಬಾಯಿ ಮುಚ್ಚಿದಳು.

ದನಿ ಇಳಿದದ್ದಕ್ಕೆ ಅವಳಿಗೆ ಅಳು ಬರಲಿಲ್ಲ. ಮೊದಲು ನೆನಪಾದದ್ದು ಸಿದರಾಯ.

ಸಿದರಾಯ ಕಂಪನಿಯ ಕ್ಲಾರಿನೆಟ್ ನುಡಿಸುವವನು. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ಎಪ್ಪತ್ತೇಳನೇ ಇಸವಿಯಲ್ಲಿ, ಮಳೆಗಾಲ ಮುಗಿದು ಮೊದಲ ಆಟದ ತಾಲೀಮಿನಲ್ಲಿ, ಅವನ ಕ್ಲಾರಿನೆಟ್ಟೂ ಪೇಟಿಯೂ ಕೂಡಲಿಲ್ಲ. ಒಂದು ಕೂದಲೆಳೆ ಮೇಲೆ ಒಂದು, ಕೆಳಗೆ ಒಂದು; ಕಿವಿಯಲ್ಲಿ ಉಸುಕು ಹಾಕಿದಂತೆ. ಉಳವಪ್ಪ, "ಕ್ಲಾರಿನೆಟ್ ಬಿಸಲಿಗೆ ಏರೈತಿ" ಎಂದ. ಸಿದರಾಯ ವಾದ್ಯದ ಕೀಲು ಎಳೆದು ನೋಡಿದ, ಮತ್ತೆ ಊದಿದ, ತಲೆ ಅಲ್ಲಾಡಿಸಿದ. "ನನ್ನದು ಬರೋಬರಿ ಐತ್ರಿ. ಪೇಟಿ ಇಳದೈತಿ" ಎಂದ. ಮೂವತ್ತು ಮಂದಿಯ ಎದುರು ಅಂದ.

ಪೇಟಿ ಇಳಿದಿದೆ ಎಂದರೆ ಏನರ್ಥ? ಪೇಟಿಗೆ ಕೂಡಿ ಹಾಡುವ ಕಾಶೀಬಾಯಿ ಇಳಿದಿದ್ದಾಳೆ ಎಂದಲ್ಲವೇ? ಅವತ್ತು ಅವಳು ಎದ್ದು ನಿಂತು ಅವನ ಜನ್ಮ ಜಾಲಾಡಿದ್ದಳು. ಬೇಸೂರ, ಸ್ವರಗೆಟ್ಟವ ಅಂದಿದ್ದಳು. ಎಮ್ಮೆ ಕಾಯುವವನ ಕೊಳಲಿಗಿಂತ ಕಡೆ ಅಂದಿದ್ದಳು. ಸಾಲದ್ದಕ್ಕೆ ಮಾಲೀಕ ಬಾಳಾಸಾಹೇಬನನ್ನು ಕರೆದು, "ಇವಾ ಇರಬೇಕು, ಇಲ್ಲಾ ನಾ ಇರಬೇಕು" ಎಂದಿದ್ದಳು. ಅಂಥ ಪ್ರಶ್ನೆಗೆ ಯಾವ ಮಾಲೀಕನೂ ಬಹಳ ಹೊತ್ತು ವಿಚಾರ ಮಾಡುವುದಿಲ್ಲ. ಸಿದರಾಯ ಕ್ಲಾರಿನೆಟ್ಟನ್ನು ಅರಿವೆಯಲ್ಲಿ ಸುತ್ತಿಕೊಂಡು, ಬೆನ್ನು ಬಾಗಿಸದೆ ಡೇರೆ ದಾಟಿ ಹೋಗಿದ್ದ. ಈಗ ಖಾನಾಪುರದಲ್ಲಿ ಮದುವೆ ಬ್ಯಾಂಡಿನಲ್ಲಿ ಊದುತ್ತಾನೆ ಎಂದು ಅವಳು ಕೇಳಿದ್ದಳು. ಕೇಳಿ, "ಅಲ್ಲೇ ಅವನ ಲಾಯಕಿ" ಎಂದಿದ್ದಳು.

"ಖಾನಾಪುರದ ಬಸ್ಸು ಯಾವಾಗ ಐತಿ?" ಎಂದು ಕೇಳಿದಳು.

"ಊಟಾ ಮಾಡಿ ಹೋಗವಾ, ಬಿಸಲ ಇನ್ನೂ ಐತಿ," ಎಂದಳು ಶಾಂತಾಬಾಯಿ.

"ಹೊಟ್ಟಿ ತುಂಬೈತಿ ತಾಯಿ."

ಖಾನಾಪುರದಲ್ಲಿ ಆಗ ಕಂಪನಿಯ ಕ್ಯಾಂಪು ಶುರುವಾಗುವುದರಲ್ಲಿತ್ತು. ಡೇರೆಯ ಕಂಬ ನಿಲ್ಲಿಸುತ್ತಿದ್ದರು. ಬಾಜುವಿನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಉಳವಪ್ಪ ಮಾಸ್ತರ ಮೊಳಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಿದ್ದ. ಅರವತ್ತು ದಾಟಿದ ಮನುಷ್ಯ, ಬೆಳ್ಳನೆ ಧೋತರ, ಹಣೆಯಲ್ಲಿ ವಿಭೂತಿ. ಅವಳನ್ನು ನೋಡಿ, "ಬರ್ರಿ ಬರ್ರಿ, ಯಾಕ ಹೊಳ್ಳಿ ಬಂದ್ರಿ?" ಎಂದ. ಅವಳು ಚಪ್ಪಲಿ ಕಳೆದು, ಅವನನ್ನು ದಾಟಿಕೊಂಡು ಒಳಗೆ ಹೋಗಿ, ಮೂಲೆಯಲ್ಲಿದ್ದ ಕಾಲುಪೇಟಿಯ ಮುಂದೆ ಕುಳಿತಳು. ತುಳಿದು ಗಾಳಿ ತುಂಬಿ ಕರಿ ಐದು ಒತ್ತಿದಳು. ಮುಂಜಾನೆ ಬಿಳಿ ಐದರಲ್ಲಿ ಕೇಳಿದ ಸ್ವರವೇ ಬಂತು. ಒತ್ತಿದ ಬೆರಳು ತೆಗೆಯಲಿಲ್ಲ. ಸ್ವರ ಒಂದೇ ಸಮನೆ ಕೂಗುತ್ತಲೇ ಇತ್ತು.

"ಎಂದಿಂದ ಕೆರ್ಯಾಕ ಹತ್ತೀರಿ ಮಾಸ್ತರ?"

ಉಳವಪ್ಪ ಎಣ್ಣೆಯ ಬಟ್ಟಲನ್ನು ನಿಧಾನವಾಗಿ ಗೋಡೆಗೆ ಸರಿಸಿ ಇಟ್ಟ. ಪೇಟಿಯ ಒಳಗೆ ಸ್ವರಕ್ಕೊಂದರಂತೆ ಹಿತ್ತಾಳೆಯ ನಾಲಿಗೆಗಳಿರುತ್ತವೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಪ್ರತಿ ಮಳೆಗಾಲದಲ್ಲಿ ಆಟ ನಿಂತಾಗ ಮಾಸ್ತರ ಬಾಗಿಲು ಹಾಕಿಕೊಂಡು, ಅರ ಹಿಡಿದುಕೊಂಡು, ಧೂಳು ತೆಗೆಯುತ್ತೇನೆಂದು ಪೇಟಿ ಬಿಚ್ಚುತ್ತಿದ್ದುದನ್ನು ಅವಳು ವರ್ಷ ವರ್ಷ ನೋಡಿದ್ದಳು. ಚಹಾ ಕಳಿಸಿಕೊಟ್ಟಿದ್ದಳು.

"ಎಪ್ಪತ್ತೇಳರಾಗ ನೀವು ಜ್ವರಾ ಬಂದು ಎದ್ದ್ರಲ್ಲ, ಆ ವರ್ಷದಿಂದ," ಎಂದ. "ಮ್ಯಾಲ ಹೋದಾಗ ದನಿ ನಡಗಾಕ ಹತ್ತಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ನನಗಷ್ಟ ಗೊತ್ತಾತು. ಒಂದ ಎಳಿ ಇಳಿಸಿದೆ. ಅವತ್ತು ನೀವು ನಕ್ಕೋಂತ ಹಾಡಿದ್ರಿ. ಆಮ್ಯಾಲ ವರ್ಷಾ ಒಂದೊಂದ ಎಳಿ."

"ನನಗ ಹೇಳಬೇಕಿತ್ತು."

"ಹೇಳಿದ್ರ ಹಾಡೂದ ಬಿಡತಿದ್ರಿ."

"ಬಿಡತಿದ್ದೆ. ಇಲ್ಲಾ ಇಳದ ಹಾಡತಿದ್ದೆ. ಗಂಟಲ ನಂದು. ನಿಮಗ್ಯಾರು ಅದರ ವಾರಸದಾರನ್ನ ಮಾಡಿದ್ರು?"

"ನಿಮ್ಮ ಮಾನಾ ಕಾಯಬೇಕಂತ ಮಾಡಿದೆ ಬಾಯಾರ. ದೇವರಾಣಿ."

"ದೇವರನ್ಯಾಕ ಎಳೀತೀರಿ ನಡುವ, ಆತನ ಪೇಟಿ ಏನ ಕೆರದಿಲ್ಲಲ್ಲ ನೀವು." ಅವಳು ಬೆರಳು ಎತ್ತಿದಳು. ಸ್ವರ ನಿಂತಿತು. ನಿಂತ ಮೇಲೆ ಅವಳ ದನಿ ಇನ್ನೂ ಸ್ಪಷ್ಟವಾಗಿ ಕೇಳಿಸಿತು. "ದನಿ ಇಳೀತು, ಇಳೀಲಿ. ವಯಸ್ಸಾದ ಮ್ಯಾಲ ಸೊಂಟಾನೂ ಇಳೀತೈತಿ, ಕಣ್ಣೂ ಇಳೀತಾವ. ಅದಕ್ಕ ಸಿಟ್ಟಿಲ್ಲ ನನಗ. ಸಿದರಾಯ ಏನ ಮಾಡಿದ್ದ?"

ಮಾಸ್ತರ ಎಣ್ಣೆಯ ಕೈಯನ್ನು ಧೋತರದ ಅಂಚಿಗೆ ಒರೆಸಿಕೊಂಡ.

"ಅವಾ ಖರೇ ಹೇಳಿದ. ನಾ ಅವನ ಮಾರಿಗೆ ಉಗುಳೂದೊಂದ ಬಿಟ್ಟಿದ್ದೆ. ನೀ ಆವಾಗ ಎಲ್ಲಿದ್ದಿ?" ಮೂವತ್ತು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನನಗ ನೆನಪೈತಿ. ಈ ಪೇಟಿ ಹಿಂದ ಕುಂತು ಎಲಿಗೆ ಸುಣ್ಣಾ ಹಚ್ಚಾಕ ಹತ್ತಿದ್ದಿ. ಒಂದು ಮಾತು ಅಂದಿದ್ದರ ಅವನ ಅನ್ನಾ ಉಳೀತಿತ್ತು. ನೀ ಎಲಿ ಮಡಚಿ ಬಾಯಾಗ ಇಟಗೊಂಡಿ."

"ಅಂದಿದ್ದರ ನಿಮ್ಮ ಹೆಸರ ಹೋಗತಿತ್ತು."

"ನನ್ನ ಹೆಸರಿಗೆ ಅವನ್ನ ಕಡದು ಗೊಬ್ಬರಾ ಹಾಕಿದ್ದಿ ಹಂಗಾರ."

ಮಾತು ಹೊರಗೆ ಕಂಬ ನಿಲ್ಲಿಸುವವರಿಗೂ ಕೇಳಿರಬೇಕು. ಬಾಳಾಸಾಹೇಬ ಬಂದ. ದಪ್ಪ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದ. ತೆರೆದ ಪೇಟಿಯನ್ನೂ ನೋಡಿದ. ಏನಾಯಿತು ಎಂದು ಅವನು ಕೇಳಲಿಲ್ಲ. ಅದರಿಂದಲೇ ಕಾಶೀಬಾಯಿಗೆ ತಿಳಿಯಿತು.

"ನಿಮಗೂ ಗೊತ್ತಿತ್ತು," ಎಂದಳು.

"ಗೊತ್ತಿತ್ತರಿ. ತಬಲಾದವಂಗೂ ಗೊತ್ತೈತಿ. ಎಲ್ಲಾರೂ ಕೂಡಿ ನಿಮ್ಮನ್ನ ಹೂವಿನಂಗ ಇಟಗೊಂಡ ಬಂದೀವಿ, ಅದು ತಪ್ಪೇನ್ರಿ? ಈಗ ನೋಡ್ರಿ ಬಾಯಾರ, ಐತವಾರ ಸುಮ್ಮ ಹೋಗಿ ಹಾಡಿ, ಶಾಲು ಹೊಚಗೊಂಡ ಬರ್ರಿ. ಕುಂತ ಮಂದಿಗೆ ಕರಿ ಯಾವುದು, ಬಿಳಿ ಯಾವುದು? ಚೊಲೋ ಇತ್ತೋ ಇಲ್ಲೋ ಅಷ್ಟ."

"ಹೌದು. ಕುಂತ ಮಂದಿಗೆ ಗೊತ್ತಿಲ್ಲ. ಹಾಡಾಕಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನ್ನ ಒಬ್ಬನ್ನ ಓಡಿಸಿದ್ವಿ." ಅವಳು ಎದ್ದು ಪೇಟಿಯ ಮುಚ್ಚಳ ಹಾಕಿದಳು. "ಮಾಸ್ತರ, ಐತವಾರ ಪೇಟಿ ತಗೊಂಡ ಬರ್ರಿ. ಇದನ್ನ, ಹಿಂಗ ಇದ್ದಂಗ. ನಡುವ ಅರ ಮುಟ್ಟಿದ್ರ ಗೊತ್ತಾಗ್ತೈತಿ. ಈಗ ನನಗ ಕಿವಿ ಬಂದಾವ."

"ಏನ ಮಾಡವ್ರದೀರಿ?" ಬಾಳಾಸಾಹೇಬನ ದನಿಯಲ್ಲಿ ಮೊದಲ ಸಲ ಅಂಜಿಕೆ ಇತ್ತು. "ಜಾಹೀರಾತೆಲ್ಲಾ ಹಂಚೀನಿ. ಕರಿ ಐದರ ಕಾಶೀಬಾಯಿ ಅಂತ ಊರ ತುಂಬ ಗ್ವಾಡಿಗೆ ಹಚ್ಚೈತಿ. ಆ ಹೆಸರ ಕಳದ ಮ್ಯಾಲ ಡೇರೆಗೆ ಯಾರ ಬರ್ತಾರ? ಏನ ಉಳೀತೈತಿ ನಿಮ್ಮ ಕಡೆ?"

ಕಾಶೀಬಾಯಿ ಹೊರಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡಳು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಸಿದರಾಯನನ್ನು ಹುಡುಕಲು ಕಷ್ಟವಾಗಲಿಲ್ಲ. ಬ್ಯಾಂಡಿನ ಸದ್ದು ಸ್ಟೇಶನ್ ರೋಡಿನಿಂದ ಕೇಳುತ್ತಿತ್ತು. ಮದುಮಗ ಕುದುರೆಯ ಮೇಲೆ, ಮುಂದೆ ಬ್ಯಾಂಡಿನವರು. ಜರಿ ಪಟ್ಟಿಯ ಕೆಂಪು ಕೋಟು ಹಾಕಿಕೊಂಡು, ಕೆನ್ನೆ ಗುಳಿ ಬಿದ್ದ ಸಿದರಾಯ ಒಂದು ಮರಾಠಿ ಹಾಡು ಊದುತ್ತಿದ್ದ. ಅವಳನ್ನು ನೋಡಿದ. ಊದುವುದನ್ನು ನಿಲ್ಲಿಸಲಿಲ್ಲ, ಹೆಜ್ಜೆಯನ್ನೂ ತಡೆಯಲಿಲ್ಲ. ಅವಳು ಬಾಜುವಿಗೇ ನಡೆಯತೊಡಗಿದಳು. ದಿಬ್ಬಣದವರಲ್ಲಿ ಗುಸುಗುಸು ಎದ್ದಿತು. "ಕಾಶೀಬಾಯಿ ಅಲ್ಲೇನೋ?" "ಏ, ಬಾಯಾರು ಬ್ಯಾಂಡ ಸೇರ್ಯಾರೇನ್ರಿ?" ಯಾರೋ ಕುಡಿದವನೊಬ್ಬ ಕೈಮುಗಿದು "ಒನ್ಸ್ ಮೋರ್" ಎಂದ. ಅವಳು ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಮದುವೆ ಮನೆ ಬರುವವರೆಗೆ ನಡೆದಳು. ದಾರಿಯುದ್ದಕ್ಕೂ ಕಿವಿಯಲ್ಲಿ ಅವನ ಕ್ಲಾರಿನೆಟ್. ಡೋಲು, ತಾಸೆ, ಕುದುರೆ, ಕಿರುಚಾಟ ಎಲ್ಲದರ ನಡುವೆಯೂ ಸ್ವರ ಗೆರೆ ಎಳೆದಂತಿತ್ತು.

ಮದುಮಗ ಇಳಿದು ಒಳಗೆ ಹೋದ. ಬ್ಯಾಂಡಿನವರು ಮರದ ಕೆಳಗೆ ಕುಳಿತರು. ಸಿದರಾಯ ಕ್ಲಾರಿನೆಟ್ಟಿನ ಬಾಯಿ ಬಿಚ್ಚಿ ಒರೆಸತೊಡಗಿದ.

"ಬರ್ರಿ ಬಾಯಾರ, ಕುಂದರ್ರಿ. ಬೇಸೂರ ಕೇಳಾಕ ಭಾಳ ದೂರ ನಡದ ಬಂದ್ರಿ."

"ಅವತ್ತು ನೀ ಊದಿದ್ದು ಖರೇ ಇತ್ತು," ಎಂದಳು ಕಾಶೀಬಾಯಿ ನಿಂತೇ.

"ನನಗ ಗೊತ್ತೈತ್ರಿ."

"ಪೇಟಿ ಇಳಿದಿತ್ತು. ನನಗ ಇವತ್ತ ತಿಳೀತು."

"ಅದೂ ಗೊತ್ತೈತಿ. ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಬಂದ್ರೇನು? ಇದರಾಗ ಹೊಸಾದು ಏನೈತಿ?" ಅವನು ಅವಳ ಕಡೆ ನೋಡದೆ ಒರೆಸುತ್ತಲೇ ಇದ್ದ. "ನಾಕು ಕಂಪನಿ ಬಾಗಲಾ ತಟ್ಟಿದೆ. ಕಾಶೀಬಾಯಾರು ಬೇಸೂರ ಅಂದಾರಂತ ನಿನಗ, ಅಂದ್ರು. ನಿಮ್ಮ ಮಾತಿಗೆ ಅಷ್ಟ ತೂಕ ಐತಿ. ಈಗಿಲ್ಲಿ ಕುದರಿ ಮುಂದ ಊದತೀನಿ. ಕುದರಿ ಒಳ್ಳೇದು. ಬೇಸೂರ ಅನ್ನೂದಿಲ್ಲ."

ಬಾಜುವಿನ ಡೋಲಿನವನು ನಕ್ಕು, ಅವಳ ಮುಖ ನೋಡಿ ಡೋಲಿನ ಹಗ್ಗ ಬಿಗಿಯತೊಡಗಿದ.

"ಐತವಾರ ಬೆಳಗಾವಿಗೆ ಬಾ."

"ಯಾಕ, ನಿಮ್ಮ ಹಾರಾ ಹಿಡ್ಯಾಕ?"

"ಊದಾಕ."

"ಯಾವ ಸೂರಕ್ಕ ಊದಲಿ?" ಎಂದ ಸಿದರಾಯ, ಆಗ ಮೊದಲ ಸಲ ಅವಳನ್ನು ನೇರ ನೋಡಿ. "ನಿಮ್ಮ ಸೂರಕ್ಕೋ, ಖರೇ ಸೂರಕ್ಕೋ?"

"ಖರೇ ಸೂರಕ್ಕ. ಅವತ್ತು ಮೂವತ್ತು ಮಂದಿ ಮುಂದ ಅಂದಿದ್ದೆ. ಐತವಾರ ಊರ ಮುಂದ ಹೇಳ್ತೀನಿ."

"ಅಷ್ಟು ಎತ್ತರ ಏರಿದವ್ರು ಹಂಗ ಇಳ್ಯಾಂಗಿಲ್ಲ ಬಾಯಾರ. ನಾ ಭಾಳ ಮಂದಿನ್ನ ನೋಡೀನಿ." ಅವನು ಕ್ಲಾರಿನೆಟ್ ಜೋಡಿಸಿದ. "ಐತವಾರ ಬೆಳಗಾವ್ಯಾಗ ಒಂದ ಲಗ್ನ ಐತಿ. ಮುಗಿದರ ನೋಡೂಣು."

ಭಾನುವಾರ ಸಂಜೆ ಸಭಾಗೃಹ ತುಂಬಿತ್ತು. ಶಾಂತಾಬಾಯಿ ಸಹ ಬಿಸಿಲಲ್ಲೇ ಊಟ ಮುಗಿಸಿ ಬಂದು ಮುಂದೆ ಕುಳಿತಿದ್ದಳು. ಬಾಳಾಸಾಹೇಬ ತಲೆಗೆ ಹೊಸ ಪಟಗಾ ಸುತ್ತಿಕೊಂಡು, ಸಾಲದ ಸಾಕ್ಷಿಗೆ ಬಂದವನ ಮುಖ ಮಾಡಿಕೊಂಡಿದ್ದ. ಭಾಷಣಗಳಾದವು. ತೆಂಗಿನಕಾಯಿ, ಶಾಲು, ಗಂಧದ ಹಾರ. ಅಜಿತಕುಮಾರ ಓದಿ ಕೊಟ್ಟ ಬೆಳ್ಳಿಯ ಫಲಕದ ಮೇಲೆ 'ಕರಿ ಐದರ ರಾಣಿ' ಎಂದು ಕೊರೆಸಿದ್ದರು. ಮೊದಲೇ ಕೊರೆಸಿದ್ದು, ಅವನು ತಾನೇ ಏನು ಮಾಡಿಯಾನು? ಓದುವಾಗ ಅವನ ಕಿವಿ ಕೆಂಪಗಾಗಿದ್ದವು.

ಮಾಸ್ತರ ಪೇಟಿಯ ಮುಂದೆ ಕುಳಿತ. ಕಾಶೀಬಾಯಿ ಸಭೆಯ ಹಿಂದುಗಡೆ ನೋಡಿದಳು. ಬಾಗಿಲ ಬಳಿ ಕೆಂಪು ಕೋಟು ಕಂಡಿತು. ಮದುವೆಯಿಂದ ನೆಟ್ಟಗೆ ಬಂದಿದ್ದ. ಹೆಗಲ ಮೇಲೆ ಇನ್ನೂ ಅಕ್ಷತೆಯ ಕಾಳಿದ್ದವು.

"ಸಿದರಾಯ, ಮ್ಯಾಲ ಬಾ," ಎಂದಳು. ಮೈಕು ದೂರ ಸರಿಸಿಯೇ ಅಂದಳು. ಹಿಂದಿನ ಬಾಗಿಲಿಗೆ ಅದು ಮುಟ್ಟಿತು. ಮದುವೆ ಬ್ಯಾಂಡಿನವನು ಹೆದರದೆ, ಅವಸರಿಸದೆ ನಡುವಿನ ದಾರಿಯಲ್ಲಿ ನಡೆದು ಬಂದ. ಜನ ಹೊರಳಿ ನೋಡಿದರು.

"ಮಾಸ್ತರ, ಕರಿ ಐದು ಒತ್ರಿ."

ಉಳವಪ್ಪ ಒತ್ತಿದ.

"ಸಿದರಾಯ, ನಿನ್ನ ಕರಿ ಐದು ಊದು."

ಎರಡು ಸ್ವರಗಳು ಒಂದಕ್ಕೊಂದು ಬಡಿದವು. ಸಂಗೀತ ತಿಳಿಯದವರಿಗೂ ಹಲ್ಲು ಚಳಿತು ಹೋದಂತಾಯಿತು. ಮುಂದಿನ ಸಾಲಿನ ಒಬ್ಬ ಮುದುಕ ಕಿವಿಗೆ ಕೈ ಇಟ್ಟುಕೊಂಡ. ಅವಳು ಬಿಡಲಿಲ್ಲ. ಕೈ ಎತ್ತಿ ಹಿಡಿದು, ಸಾಕೆನಿಸುವವರೆಗೆ ಕೇಳಿಸಿದಳು.

"ಈ ಎರಡರ ನಡುವ ಎಷ್ಟ ಅಂತರ ಐತೋ ಅಷ್ಟ ನಾ ಇಳದೀನಿ," ಎಂದಳು. "ಕರಿ ಐದು ಅಂತ ನಿಮ್ಮ ಮುಂದ ಹಾಡಿದ್ದು ಬಿಳಿ ಐದು. ನನಗ ಗೊತ್ತಿರಲಿಲ್ಲ. ಈ ಮನುಷಾಗ ಗೊತ್ತಿತ್ತು, ಹೇಳಿದ. ನಾ ಇವನಿಗೆ ಬೇಸೂರ ಅಂದು ಕಂಪನಿ ಬಿಡಿಸಿದೆ. ಬೇಸೂರ ನಾ ಇದ್ದೆ. ಈ ಫಲಕಾ ವಾಪಸ ಕೊಡೂದಿಲ್ಲ, ಅದರಾಗಿನ ಹುಡಿಗಿ ಖರೇನ ಹಾಡಿದ್ದಳು. ಇವತ್ತ ಹಾಡಾಕಿ ಬ್ಯಾರೆ. ಕೇಳೂದಿದ್ದರ ಕುಂದರ್ರಿ, ಇಲ್ಲಾಂದ್ರ ಮನಿಗೆ ಹೋಗ್ರಿ."

ಯಾರೂ ಏಳಲಿಲ್ಲ. ಬಾಳಾಸಾಹೇಬ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಸಿದರಾಯ ಮಾಸ್ತರನ ಪೇಟಿಗೆ ತಕ್ಕಂತೆ ಬೆರಳು ಬದಲಿಸಿಕೊಂಡ. ಕಾಶೀಬಾಯಿ 'ಕೋಟೆ ಏರಿತೋ ತಿಂಗಳು' ಎತ್ತಿಕೊಂಡಳು. ಸಿಟ್ಟಿನಲ್ಲಿ ಹಾಡುತ್ತಿದ್ದಳು, ಪದ ಪದ ಕಡಿದು ಕೊಡುತ್ತಿದ್ದಳು. ರಾಣಿ ಚಂದ್ರಪ್ರಭೆ ತಿಂಗಳನ್ನು ಕರೆಯುತ್ತಿದ್ದಾಳೋ, ಜಗಳಕ್ಕೆ ಎಳೆಯುತ್ತಿದ್ದಾಳೋ ತಿಳಿಯದಂತಿತ್ತು. 'ಏರಿತೋ' ಎಂದಾಗ ದನಿ ಮೊದಲಿನಷ್ಟು ಎತ್ತರಕ್ಕೆ ಹೋಗಲಿಲ್ಲ. ಹೋದಷ್ಟು ಎತ್ತರದಲ್ಲಿ ಕಾಲೂರಿ ನಿಂತಿತು.

ಪದ ಮುಗಿಯಿತು. ಆಮೇಲೆ ಎಲ್ಲಿಂದಲೋ ಒಬ್ಬ ಕೂಗಿದ, "ಒನ್ಸ್ ಮೋರ್." ಇನ್ನೊಬ್ಬ. ನಂತರ ಇಡೀ ಸಭೆ. ಬಾಳಾಸಾಹೇಬ ಅತ್ತಿತ್ತ ನೋಡಿ ಪಟಗಾ ಮತ್ತೆ ತಲೆಗೆ ಇಟ್ಟುಕೊಂಡ.

ಅವಳು ಸಭೆಗೆ ಕೈ ಮುಗಿಯಲಿಲ್ಲ. ಸಿದರಾಯನ ಕಡೆ ಹೊರಳಿದಳು.

"ಹೆಂಗಿತ್ತು?"

ಅವನು ಕ್ಲಾರಿನೆಟ್ಟಿನಿಂದ ತುಟಿ ತೆಗೆದು ವಿಚಾರ ಮಾಡಿದ. "ಎರಡನೇ ನುಡಿಯಾಗ ಸೂರ ಬಿಟ್ಟಿರಿ."

ಮುಂದಿನ ಸಾಲಿನವರಿಗೆ ಕೇಳಿತು. ಕೂಗು ಒಂದಿಷ್ಟು ತಗ್ಗಿತು. ಕಾಶೀಬಾಯಿಯ ಮುಖಕ್ಕೆ ರಕ್ತ ಏರಿತು; ಏರಿದ್ದನ್ನು ಮೂವತ್ತು ವರ್ಷದ ರೂಢಿಯಿಂದ ಬಲ್ಲ ಉಳವಪ್ಪ ತಲೆ ತಗ್ಗಿಸಿದ.

"ಹೌದೇನ್ರಿ ಮಾಸ್ತರ?"

ಮಾಸ್ತರ ಪೇಟಿಯ ಮನೆಗಳನ್ನು ನೋಡಿದ. ಅವುಗಳ ಮೇಲೆ ಕೈ ಆಡಿಸಿದ. "ಹೌದರಿ," ಎಂದ. "ಒಂದ ಎಳಿ."

"ಇದನ್ನ ಹೇಳಾಕ ಇಷ್ಟ ವರ್ಷ ಬೇಕಾತು ನಿಮಗ," ಎಂದಳು ಕಾಶೀಬಾಯಿ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಸುವ ಇರಾದೆಯೂ ಇರಲಿಲ್ಲ. "ಪೇಟಿ ಮುಚ್ರಿ. ಇದೊಂದಕ್ಕ ಸಿದರಾಯನ ಕ್ಲಾರಿನೆಟ್ ಸಾಕು. ನೀವು ಇಲ್ಲೇ ಕುಂತು ಕೇಳ್ರಿ. ಎಲಿ ಹಾಕ್ಕೋಬ್ಯಾಡ್ರಿ."

ಉಳವಪ್ಪ ಮುಚ್ಚಳ ಹಾಕಿ, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಇಡೀ ಊರಿನ ಎದುರು ಕೆಲಸವಿಲ್ಲದೆ ಕುಳಿತ. ಕಾಶೀಬಾಯಿ ಸಿದರಾಯನಿಗೆ ಕೈ ಮಾಡಿದಳು. ಕೆಂಪು ಕೋಟಿನವನು ಬಿಳಿ ಐದು ಹಿಡಿದ. ಅವಳು ಅದನ್ನು ಕೇಳಿ, ಇನ್ನೊಮ್ಮೆ ಕೇಳಿ, ಎರಡನೇ ನುಡಿಯನ್ನು ಮೊದಲಿನಿಂದ ಎತ್ತಿಕೊಂಡಳು.